‘ನಮ್ಮೂರಾಗ ಇದು ಮೂರನೇದ್ರಿ’

ಹೋದ ಚಳಿಗಾಲದಲ್ಲಿ ಗಡಿಭಾಗದ ಹಳ್ಳಿಯೊಂದರಿಂದ ಹೆಣ್ಣುಮಗಳೊಬ್ಬರು ಅತ್ತೆಯನ್ನು ಕರೆದುಕೊಂಡು ನಮ್ಮ ಒಪಿಡಿಗೆ ಬಂದಿದ್ದರು. ಅತ್ತೆಗೆ 58 ವರ್ಷ. ಮುಟ್ಟು ನಿಂತು ಹತ್ತು ವರ್ಷವಾಗಿತ್ತು. ಆರು ತಿಂಗಳಿಂದ ಮತ್ತೆ ರಕ್ತ ಕಾಣಿಸುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಸೀರೆ ಒಗೆಯುವಾಗ ಸೊಸೆಯ ಕಣ್ಣಿಗೆ ಬಿತ್ತು. ಮರುದಿನವೇ ಮೊದಲ ಬಸ್ಸಿಗೆ ಕರೆತಂದಿದ್ದರು.

ಪರೀಕ್ಷೆ ಮಾಡುವಾಗಲೇ ಗೊತ್ತಾಯಿತು. ಬಯಾಪ್ಸಿ ವರದಿಯಲ್ಲೂ ಅದೇ ಬಂತು. ಗರ್ಭಕಂಠದ, ಅಂದರೆ ಗರ್ಭಚೀಲದ ಬಾಯಿಯ ಕ್ಯಾನ್ಸರ್, ಮೂರನೇ ಹಂತ. ಎಲ್ಲ ವಿವರಿಸಿ ಮುಗಿಸಿದ ಮೇಲೆ ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಮೇಡಂ, ನಮ್ಮೂರಾಗ ಇದು ಮೂರನೇದ್ರಿ. ನಮ್ಮ ನೀರಾಗ ಏನರ ಐತೇನ್ರಿ?”

ಎಷ್ಟು ವರ್ಷದಲ್ಲಿ ಮೂರು ಅಂತ ಕೇಳಿದೆ. “ಹತ್ತು ವರ್ಷದಾಗ” ಅಂದರು. ಊರಿನ ಜನಸಂಖ್ಯೆ ಸುಮಾರು 4,000. ಅಂದರೆ ಹೆಂಗಸರು, ಹೆಣ್ಣುಮಕ್ಕಳು ಸೇರಿ 2,000.

ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಭಾರತದಲ್ಲಿ ವರ್ಷಕ್ಕೆ ಒಂದು ಲಕ್ಷ ಹೆಂಗಸರಲ್ಲಿ ಸುಮಾರು 18 ಜನಕ್ಕೆ ಈ ಕ್ಯಾನ್ಸರ್ ಬರುತ್ತದೆ. 2,000 ಹೆಂಗಸರಿರುವ ಊರಿಗೆ, ಹತ್ತು ವರ್ಷಕ್ಕೆ, ಮೂರರಿಂದ ನಾಲ್ಕು. ಅವರ ಊರಿನಲ್ಲಿ ಆಗಿದ್ದು ಮೂರು. ಅಂದರೆ ಆ ಊರಿನಲ್ಲಿ ವಿಶೇಷವಾಗಿ ಏನೂ ಆಗಿರಲಿಲ್ಲ. ನಮ್ಮ ದೇಶದ ಯಾವುದೇ ಹಳ್ಳಿಯಲ್ಲಿ ಆಗುವಷ್ಟೇ ಅಲ್ಲೂ ಆಗಿತ್ತು. ಅದನ್ನು ಹೇಳುವಾಗ ನನಗೆ ಸಮಾಧಾನ ಆಗಲಿಲ್ಲ. ಯಾಕೆಂದರೆ ಇದೇ ಲೆಕ್ಕವನ್ನು ಬೇರೆ ಜಾಗಕ್ಕೆ ಒಯ್ದರೆ ಉತ್ತರ ಪೂರ್ತಿ ಬದಲಾಗುತ್ತದೆ.

ಅದೇ 2,000 ಹೆಂಗಸರ ಊರನ್ನು ಅರುಣಾಚಲ ಪ್ರದೇಶದ ಪಾಪುಂ ಪಾರೆ ಜಿಲ್ಲೆಯಲ್ಲಿ ಇಟ್ಟು ನೋಡಿ. 2012ರಿಂದ 2016ರ ಕ್ಯಾನ್ಸರ್ ನೋಂದಣಿ ಲೆಕ್ಕದಲ್ಲಿ ದೇಶದಲ್ಲೇ ಅತಿ ಹೆಚ್ಚು ದರ ಕಂಡದ್ದು ಅಲ್ಲಿ. ಲಕ್ಷಕ್ಕೆ 27.7. ನಮ್ಮ ಊರಿಗೆ ಹತ್ತು ವರ್ಷದಲ್ಲಿ ಐದಾರು ಜನ. ಅಲ್ಲಿಂದ ಪಕ್ಕದ ರಾಜ್ಯ ಅಸ್ಸಾಂನ ದಿಬ್ರುಗಢಕ್ಕೆ ಬನ್ನಿ. ಅಲ್ಲಿ ದರ 5ರ ಆಸುಪಾಸು. ಹತ್ತು ವರ್ಷಕ್ಕೆ ಒಬ್ಬರು. ಒಂದೇ ಈಶಾನ್ಯ ಭಾರತ, ಒಂದೇ ಮಳೆ, ಆದರೂ ಐದು ಪಟ್ಟು ವ್ಯತ್ಯಾಸ.

ಹಾಗಾದರೆ ನೀರು, ಮಣ್ಣು ಕಾರಣವಾ? ಇದಕ್ಕೆ ಮುಂಬೈ ತುಂಬಾ ಹಿಂದೆಯೇ ಉತ್ತರ ಕೊಟ್ಟಿದೆ. ಒಂದೇ ನಲ್ಲಿಯ ನೀರು ಕುಡಿಯುವ, ಒಂದೇ ಲೋಕಲ್ ರೈಲಿನಲ್ಲಿ ಓಡಾಡುವ ಹೆಂಗಸರಲ್ಲೇ ಸಮುದಾಯದಿಂದ ಸಮುದಾಯಕ್ಕೆ ದರ ಬೇರೆ ಇತ್ತು. ಪಾರ್ಸಿ ಮತ್ತು ಮುಸ್ಲಿಂ ಹೆಂಗಸರಲ್ಲಿ ಕಡಿಮೆ, ಹಿಂದೂ ಹೆಂಗಸರಲ್ಲಿ ಜಾಸ್ತಿ. ಪಾರ್ಸಿಗಳಲ್ಲಿ ಮದುವೆ ತಡ, ಮಕ್ಕಳು ಕಡಿಮೆ. ಮುಸ್ಲಿಮರಲ್ಲಿ ಗಂಡುಮಕ್ಕಳಿಗೆ ಮುಂಜಿ, ಅಂದರೆ ಸುನ್ನತಿ ಮಾಡಿಸುತ್ತಾರೆ. ಅದರಿಂದ ಗಂಡಸಿನಲ್ಲಿ ಈ ಕ್ಯಾನ್ಸರ್ ತರುವ ವೈರಸ್ ಉಳಿಯುವುದು ಕಡಿಮೆ ಅಂತ ಆಮೇಲೆ ಆಫ್ರಿಕಾದಲ್ಲಿ ನಡೆದ ಪ್ರಯೋಗಗಳು ತೋರಿಸಿದವು. ಶ್ರೀನಗರದ ಕಡೆ ಈ ಕ್ಯಾನ್ಸರ್ ಕಡಿಮೆ ಇರುವುದಕ್ಕೂ ಇದು ಒಂದು ಕಾರಣ ಅಂತ ನಾವು ನಂಬುತ್ತೇವೆ.

ವೈರಸ್‌ನ ಹೆಸರು ಎಚ್‌ಪಿವಿ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ 1980ರ ದಶಕದಲ್ಲಿ ಇದರ 16 ಮತ್ತು 18ನೇ ಬಗೆಗಳನ್ನು ಗರ್ಭಕಂಠದ ಗಡ್ಡೆಯಲ್ಲೇ ಪತ್ತೆ ಮಾಡಿದರು. 2008ರಲ್ಲಿ ಅದಕ್ಕೆ ನೊಬೆಲ್ ಬಂತು. ದೇಹಸಂಬಂಧ ಶುರುವಾದ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಸಲ ಎಚ್‌ಪಿವಿ ತಗಲುತ್ತದೆ. ಹತ್ತರಲ್ಲಿ ಒಂಬತ್ತು ಜನರ ದೇಹ ಎರಡು ವರ್ಷದೊಳಗೆ ಅದನ್ನು ತಾನೇ ಹೊರಗೆ ಹಾಕುತ್ತದೆ. ಉಳಿದವರಲ್ಲಿ ಕೆಲವರಿಗೆ ಅದು ಹತ್ತು, ಹದಿನೈದು, ಇಪ್ಪತ್ತು ವರ್ಷ ಸದ್ದಿಲ್ಲದೆ ಕೂತು ಕೊನೆಗೆ ಕ್ಯಾನ್ಸರ್ ತರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲೈಂಗಿಕವಾಗಿ ಹರಡುವ ವೈರಸ್ ಅಂದ ಕೂಡಲೇ ಮನೆಯವರ ಕಣ್ಣು ಹೆಣ್ಣಿನ ಮೇಲೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ನೋಡುವ ರೋಗಿಗಳಲ್ಲಿ ಹೆಚ್ಚಿನವರು ಹದಿನಾರಕ್ಕೆ ಮದುವೆಯಾಗಿ ಒಬ್ಬ ಗಂಡನ ಜೊತೆಗೇ ಬದುಕು ಕಳೆದವರು. ಹದಿನಾರರ ವಯಸ್ಸಿನಲ್ಲಿ ಗರ್ಭಕಂಠದ ಒಳಪದರ ಇನ್ನೂ ಬಲಿತಿರುವುದಿಲ್ಲ. ವೈರಸ್‌ಗೆ ಅಲ್ಲಿ ನೆಲೆ ಸಿಗುವುದು ಸುಲಭ. ಇಪ್ಪತ್ತೊಂದರ ನಂತರ ಸಂಸಾರ ಶುರು ಮಾಡಿದವರಿಗೆ ಹೋಲಿಸಿದರೆ ಇವರಿಗೆ ಅಪಾಯ ಎರಡು ಪಟ್ಟಿಗೂ ಜಾಸ್ತಿ. ಅದರ ಮೇಲೆ ಐದು, ಆರು ಹೆರಿಗೆ. ವೈರಸ್ ತಂದುಕೊಟ್ಟವನಿಗೆ ಯಾವ ಲಕ್ಷಣವೂ ಇರುವುದಿಲ್ಲ, ಅವನಿಗೆ ಗೊತ್ತೂ ಇರುವುದಿಲ್ಲ.

ಮದುವೆಯ ವಯಸ್ಸಿನ ನಕ್ಷೆ ಮತ್ತು ಈ ಕ್ಯಾನ್ಸರ್‌ನ ನಕ್ಷೆ ಎಷ್ಟೋ ಕಡೆ ಒಂದರ ಮೇಲೊಂದು ಕೂರುತ್ತವೆ. ಕೇರಳದಲ್ಲಿ ದರ ಕಡಿಮೆ. ಅಲ್ಲಿ ಬಾಲ್ಯವಿವಾಹವೂ ಕಡಿಮೆ, ಹೆರಿಗೆಯೂ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇದು ಇಡೀ ರಾಜ್ಯದ ಸರಾಸರಿ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕೆಲಸ ಮಾಡುವ ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಇಲ್ಲಿ ಅದು ಇನ್ನೂ ಹೆಚ್ಚು ಅಂತಾರೆ. ಇದರ ಜೊತೆಗೆ ಬಾಗಲಕೋಟೆ, ಬೆಳಗಾವಿ ಒಂದು ಕಾಲಕ್ಕೆ ದೇಶದಲ್ಲೇ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಎಚ್‌ಐವಿ ಇರುವ ಹೆಣ್ಣಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಆರು ಪಟ್ಟು. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳಲು ಬರುವ ಪ್ರತಿ ಹೆಣ್ಣುಮಗಳಿಗೂ 25 ವರ್ಷದಿಂದಲೇ ಗರ್ಭಕಂಠದ ಪರೀಕ್ಷೆ ಆಗಬೇಕು.

ಹಾಗಾದರೆ ವಿಜಯಪುರ, ಬಾಗಲಕೋಟೆ, ಯಾದಗಿರಿಯ ದರ ಎಷ್ಟು? ಇಲ್ಲೇ ನನ್ನ ಕೈ ಕಟ್ಟಿದಂತಾಗುವುದು. ಕರ್ನಾಟಕದಲ್ಲಿ ದಶಕಗಳ ಉದ್ದಕ್ಕೂ ಜನಸಂಖ್ಯೆ ಆಧರಿಸಿದ ಕ್ಯಾನ್ಸರ್ ಲೆಕ್ಕ ಇರುವುದು ಬೆಂಗಳೂರಿಗೆ. ಕಿದ್ವಾಯಿಯಲ್ಲಿ 1982ರಿಂದ ಆ ಕೆಲಸ ನಡೆಯುತ್ತಿದೆ. ಸಿಬ್ಬಂದಿ ಆಸ್ಪತ್ರೆ, ಲ್ಯಾಬ್, ಮರಣ ನೋಂದಣಿ ಕಚೇರಿಗಳಿಗೆ ಹೋಗಿ ಒಂದೊಂದೇ ಹೆಸರು ತೆಗೆಯುತ್ತಾರೆ. ಒಬ್ಬರೇ ಮೂರು ಕಡೆ ತೋರಿಸಿದ್ದರೆ ಒಂದೇ ಸಲ ಎಣಿಸುತ್ತಾರೆ. ಚಿಕಿತ್ಸೆಗೆ ಅಂತ ಬಂದ ಹೊರ ಊರಿನವರನ್ನು ಬಿಡುತ್ತಾರೆ. ಹಾಗಾಗಿಯೇ ನಮ್ಮ ಭಾಗದ ಹೆಂಗಸು ಬೆಂಗಳೂರಿಗೆ ಹೋಗಿ ಚಿಕಿತ್ಸೆ ಪಡೆದರೆ ಅಲ್ಲಿನ ದರಕ್ಕೆ ಸೇರುವುದಿಲ್ಲ. ಇಲ್ಲಿ ಸೇರಿಸಿಕೊಳ್ಳಲು ಪುಸ್ತಕ ಇರುವುದಿಲ್ಲ.

ನೋಂದಣಿ ಇದ್ದರೂ ಕಡಿಮೆ ಅಂಕಿ ಕಂಡ ಕೂಡಲೇ ನಿರಾಳ ಆಗಬಾರದು. ರಕ್ತ ಹೋಗುತ್ತಾ ಮನೆಯಲ್ಲೇ ತೀರಿಕೊಂಡ ಅಜ್ಜಿಯ ಮರಣ ಪತ್ರದಲ್ಲಿ ‘ವಯೋಸಹಜ’ ಅಂತ ಬರೆದಿರುತ್ತದೆ. ಇನ್ನೊಂದು ಕಾರಣ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಅದು ಗರ್ಭಚೀಲ ತೆಗೆಸುವುದು. ಆಂಧ್ರ, ತೆಲಂಗಾಣದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 8ಕ್ಕೂ ಹೆಚ್ಚು ಜನಕ್ಕೆ ಗರ್ಭಚೀಲ ಇಲ್ಲ. ದೇಶದ ಸರಾಸರಿ ಶೇ 3ರ ಹತ್ತಿರ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ಹೀಗೆ ಗರ್ಭಚೀಲ ತೆಗೆಸಿಕೊಂಡ ಕಥೆ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ನಮ್ಮ ಕಲಬುರಗಿಯ ತಾಂಡಾಗಳಲ್ಲೂ ಇದೇ ನೋವು ಇದೆ. ಸರಿಯಾಗಿ ನಡೆದ ಪೂರ್ತಿ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕಂಠವೂ ಹೋಗುತ್ತದೆ. ಆ ಹೆಂಗಸರಿಗೆ ಈ ಕ್ಯಾನ್ಸರ್ ಬರಲು ಜಾಗವೇ ಇರುವುದಿಲ್ಲ. ಆದರೆ ದರ ಲೆಕ್ಕ ಹಾಕುವಾಗ ಅವರನ್ನೂ ಸೇರಿಸಿಯೇ ಭಾಗಿಸುತ್ತೇವೆ. ಅಂಕಿ ಇಳಿದಂತೆ ಕಾಣುತ್ತದೆ.

“ಬಿಳಿಸೆರಗು ಹೋಗ್ತಿತ್ರಿ, ಹಂಗ ಬಿಟ್ರ ಕ್ಯಾನ್ಸರ್ ಆಗ್ತದ ಅಂದ್ರು, ತಗಿಸಿಬಿಟ್ವಿ” ಅಂತ 32 ವರ್ಷದ ಹೆಣ್ಣುಮಗಳು ಹೇಳಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿಳಿಸೆರಗಿಗೆ ಹೆಚ್ಚಿನ ಸಲ ಕೆಲವು ದಿನದ ಮಾತ್ರೆ ಸಾಕು. ಅನುಮಾನ ಇದ್ದರೆ ಒಂದು ಪರೀಕ್ಷೆ. ಭಯ ಹುಟ್ಟಿಸಿ ಗರ್ಭಚೀಲ ತೆಗೆಯುವುದು ಕ್ಯಾನ್ಸರ್ ತಡೆಯುವ ದಾರಿ ಅಂತ ಯಾವ ಪಾಠದಲ್ಲೂ ಇಲ್ಲ.

ಎಣಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ವಿಜಯಪುರದಿಂದ ಸೊಲ್ಲಾಪುರ ದಾಟಿ ಮುಂದೆ ಹೋದರೆ ಬಾರ್ಶಿ. 1987ರಲ್ಲಿ ಟಾಟಾ ಸ್ಮಾರಕ ಸಂಸ್ಥೆಯ ಡಾ. ಕಸ್ತೂರಿ ಜಯಂತ್ ಅವರ ಮುಂದಾಳತ್ವದಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಅಲ್ಲಿ ಶುರುವಾಯಿತು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳು. ಹಳ್ಳಿಯಲ್ಲಿ ಆಸ್ಪತ್ರೆ ಇಲ್ಲ, ಲ್ಯಾಬ್ ಇಲ್ಲ. ದಾಖಲೆ ಹುಡುಕುತ್ತಾ ಕೂತರೆ ಯಾರೂ ಸಿಗುವುದಿಲ್ಲ. ಹಾಗಾಗಿ ಸಿಬ್ಬಂದಿಯೇ ಊರೂರಿಗೆ ಹೋದರು. ಸರಪಂಚರು, ಶಿಕ್ಷಕರು, ಸೂಲಗಿತ್ತಿಯರ ಜೊತೆ ಮಾತಾಡಿದರು. ಸಭೆ ಮಾಡಿ, ಯಾವ ಲಕ್ಷಣ ಕಂಡರೆ ಹುಷಾರಾಗಬೇಕು ಅಂತ ತಿಳಿಸಿದರು. ಲಕ್ಷಣ ಇದ್ದವರನ್ನು ಆಸ್ಪತ್ರೆಗೆ ಕಳಿಸಿದರು. ಹೆಂಗಸರಲ್ಲಿ ಅವರಿಗೆ ಅತಿ ಹೆಚ್ಚು ಸಿಕ್ಕಿದ್ದು ಇದೇ ಕ್ಯಾನ್ಸರ್. ಕೆಲವು ವರ್ಷಗಳಲ್ಲಿ ಅವರ ಪುಸ್ತಕದಲ್ಲೇ ಒಂದು ಬದಲಾವಣೆ ಕಂಡಿತು. ಬರುವ ಹೆಂಗಸರಲ್ಲಿ ಮೊದಲ, ಎರಡನೇ ಹಂತದವರು ಜಾಸ್ತಿಯಾಗಿದ್ದರು. ಬದುಕುಳಿಯುವವರೂ ಜಾಸ್ತಿಯಾದರು. ಅವರು ಹೋಗಿದ್ದು ಬರೀ ಎಣಿಸಲು.

ಅದೇ ನೆಲದಲ್ಲಿ, ನಮ್ಮ ಆಳಂದದ ಗಡಿಗೆ ತಾಗಿದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, 1999ರಲ್ಲಿ ದೊಡ್ಡ ಅಧ್ಯಯನ ಶುರುವಾಯಿತು. 30ರಿಂದ 59 ವರ್ಷದ 1,31,746 ಹೆಂಗಸರು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್ ಹಚ್ಚಿ ನೋಡುವ ಪರೀಕ್ಷೆ, ಇನ್ನೊಂದಕ್ಕೆ ಎಂದಿನ ಆರೈಕೆ. 2009ರಲ್ಲಿ ಫಲಿತಾಂಶ ಬಂತು. ಎಂಟು ವರ್ಷದಲ್ಲಿ ಎಂದಿನ ಆರೈಕೆಯ ಗುಂಪಿನಲ್ಲಿ ಈ ಕ್ಯಾನ್ಸರ್‌ಗೆ 64 ಜನ ತೀರಿಕೊಂಡಿದ್ದರು. ಎಚ್‌ಪಿವಿ ಗುಂಪಿನಲ್ಲಿ 34. ಜೀವನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆಯಿಂದ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಎಚ್‌ಪಿವಿ ಇಲ್ಲ ಅಂತ ಬಂದವರಲ್ಲಿ ಒಬ್ಬರೂ ಇದರಿಂದ ಸಾಯಲಿಲ್ಲ.

ವಿನೆಗರ್ ಪರೀಕ್ಷೆ ಆ ಅಧ್ಯಯನದಲ್ಲಿ ಅಷ್ಟು ಫಲ ಕೊಡಲಿಲ್ಲ. ಆದರೆ ತಮಿಳುನಾಡಿನ ದಿಂಡಿಗಲ್‌ನಲ್ಲಿ ಅದರಿಂದ ಸಾವು ಶೇ 35, ಮುಂಬೈನ ಕೊಳೆಗೇರಿಗಳಲ್ಲಿ ಶೇ 31 ಇಳಿಯಿತು. ಮುಂಬೈನಲ್ಲಿ ಅದನ್ನು ಮಾಡಿದ್ದು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು, ವೈದ್ಯರಲ್ಲ. ಒಂದೇ ಪರೀಕ್ಷೆ ಒಂದೊಂದು ಕಡೆ ಒಂದೊಂದು ಥರ ಫಲ ಕೊಡುತ್ತದೆ. ಯಾರು ನೋಡುತ್ತಾರೆ, ಎಷ್ಟು ಚೆನ್ನಾಗಿ ಕಲಿತಿದ್ದಾರೆ, ಕಂಡ ಮೇಲೆ ಚಿಕಿತ್ಸೆ ಆಗುತ್ತದಾ ಅನ್ನುವುದೂ ಊರಿಂದ ಊರಿಗೆ ಬದಲಾಗುತ್ತದೆ.

ದರಗಳು ಒಂದೇ ಕಡೆ ನಿಂತೂ ಇಲ್ಲ. 1980ರ ದಶಕದ ಶುರುವಿನಲ್ಲಿ ಚೆನ್ನೈನಲ್ಲಿ ಲಕ್ಷಕ್ಕೆ 40ಕ್ಕೂ ಮೇಲಿತ್ತು. ಈಗ 20ಕ್ಕಿಂತ ಕೆಳಗೆ. ಬೆಂಗಳೂರಿನಲ್ಲೂ ಸುಮಾರು ಅರ್ಧಕ್ಕೆ ಇಳಿದಿದೆ. ಅಲ್ಲಿ ಈಗ ಸ್ತನ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂದಿದೆ. ಇದರ ಬಹುಪಾಲು ಇಳಿಕೆ ಯಾವ ದೊಡ್ಡ ತಪಾಸಣೆ ಯೋಜನೆಯೂ ಇಲ್ಲದೆ, ಲಸಿಕೆಯೂ ಇಲ್ಲದೆ ಆಗಿದೆ. ಹೆಣ್ಣುಮಕ್ಕಳು ಓದಿದರು, ಮದುವೆ ಮುಂದೆ ಹೋಯಿತು, ಹೆರಿಗೆ ಕಡಿಮೆಯಾಯಿತು, ಮನೆಗೆ ನೀರು ಬಂದು ಮೈ ಸ್ವಚ್ಛತೆ ಸುಲಭವಾಯಿತು. ಸೊಸೆಯ ಪ್ರಶ್ನೆಯಲ್ಲಿ ನೀರಿನ ಮಾತು ಪೂರ್ತಿ ತಪ್ಪಿರಲಿಲ್ಲ ಅನ್ನಿಸುತ್ತದೆ. ನೀರಿನಲ್ಲಿ ವಿಷ ಇರಲಿಲ್ಲ. ಬಚ್ಚಲಿಗೆ ನೀರೇ ಇರಲಿಲ್ಲ.

ಹಾಗಂತ ಕಾಯುತ್ತಾ ಕೂರಲು ಆಗುವುದಿಲ್ಲ. ಅದೇ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿದವರು ದೇಶದಲ್ಲಿ ಶೇ 1.9. ತಮಿಳುನಾಡಿನಲ್ಲಿ ಶೇ 9.8. ಕರ್ನಾಟಕದಲ್ಲಿ ಶೇ 1ಕ್ಕೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2030ರ ಹೊತ್ತಿಗೆ ಕೇಳುತ್ತಿರುವುದು ಶೇ 70. ಅದರ ಕೊನೆಯ ಗುರಿ ಲಕ್ಷಕ್ಕೆ 4ಕ್ಕಿಂತ ಕಡಿಮೆ. ನಮ್ಮ 2,000 ಹೆಂಗಸರ ಊರಿನಲ್ಲಿ ಹತ್ತು ವರ್ಷಕ್ಕೆ ಒಬ್ಬರೂ ಪೂರ್ತಿ ಇಲ್ಲ.

ಎಚ್‌ಪಿವಿ ತಡೆಯುವ ಲಸಿಕೆಯ ಬಗ್ಗೆ ತುಂಬಾ ತಾಯಂದಿರು ಕೇಳುತ್ತಾರೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ಒಂದೇ ಡೋಸ್ ಸಾಕು ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿದ್ದರಲ್ಲಿ ಭಾರತದ ಹುಡುಗಿಯರ ಪಾಲು ದೊಡ್ಡದು. 2010ರಲ್ಲಿ ಒಂದು ಅಧ್ಯಯನ ಸರ್ಕಾರದ ಆದೇಶದಿಂದ ನಡುವೆಯೇ ನಿಂತಿತು. ಆಗ ಸುಮಾರು 5,000 ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಅವರನ್ನು ಕೈಬಿಡದೆ ಹತ್ತು ವರ್ಷದವರೆಗೂ ನೋಡುತ್ತಾ ಬಂದರು. ವೈರಸ್ ಉಳಿದುಕೊಳ್ಳದಂತೆ ಒಂದು ಡೋಸ್ ಶೇ 95ರಷ್ಟು ಕಾಪಾಡಿತ್ತು. ಬಾರ್ಶಿಯೂ ಆ ಅಧ್ಯಯನದ ಒಂದು ಕೇಂದ್ರವಾಗಿತ್ತು. ಆದರೆ ಈಗ ನಲವತ್ತು ದಾಟಿದ ತಾಯಿಗೆ ಲಸಿಕೆಯಿಂದ ಹೆಚ್ಚು ಉಪಯೋಗ ಇಲ್ಲ. ಅವರಿಗೆ ಬೇಕಿರುವುದು ಪರೀಕ್ಷೆ.

ಆ ಅತ್ತೆಗೆ ರೇಡಿಯೇಷನ್ ನಡೆಯುತ್ತಿದ್ದಾಗಲೇ ಸೊಸೆಗೆ ನಾನು ಕೇಳಿದ್ದು ಒಂದೇ. “ನಿಮಗೆ 34. ನೀವು ತೋರಿಸಿಕೊಂಡಿದ್ದೀರಾ?” ಅವರು ನಾಚಿ ನಕ್ಕರು. ಹದಿನೈದು ದಿನ ಬಿಟ್ಟು ಟಂಟಂ ಮಾಡಿಕೊಂಡು ಬಂದರು. ಜೊತೆಗೆ ನೆಗೆಣ್ಣಿ, ಅಕ್ಕ, ಪಕ್ಕದ ಮನೆಯವರು, ಒಟ್ಟು ಹನ್ನೊಂದು ಜನ. ಒಬ್ಬೊಬ್ಬರಿಗೆ ಐದು ನಿಮಿಷ. ಇಬ್ಬರಲ್ಲಿ ವಿನೆಗರ್ ಹಚ್ಚಿದ ಜಾಗ ಬೆಳ್ಳಗಾಯಿತು. ಕ್ಯಾನ್ಸರ್ ಆಗಿರಲಿಲ್ಲ, ಆಗುವ ಮುಂಚಿನ ಹಂತ. ಅವತ್ತೇ ಆ ಜಾಗಕ್ಕೆ ಬಿಸಿ ಕೊಟ್ಟು ಚಿಕಿತ್ಸೆ ಮಾಡಿ ಸಂಜೆಯ ಹೊತ್ತಿಗೆ ಊರಿಗೆ ಕಳಿಸಿದೆವು.

ಹೊರಡುವಾಗ ಸೊಸೆ ಬಾಗಿಲಿನಿಂದ ವಾಪಸ್ ಬಂದು, “ಮುಂದಿನ ವಾರ ಇನ್ನೊಂದು ಟಂಟಂ ತರ್ಲೇನ್ರಿ?” ಅಂದರು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬರಲು ಹೇಳಿದ್ದೇನೆ.