ಕರಗಿದ ಕೊಬ್ಬು, ಹತ್ತದ ಬಣ್ಣ

ಕಣ್ಣು ಕುಟಿಕೆ ಎದ್ದರೆ ಗದಗ, ಹಾವೇರಿ ಕಡೆ ಮನೆಮದ್ದು ಶುರುವಾಗುತ್ತದೆ. ಲವಂಗ ತೇಯ್ದು ಹಚ್ಚುತ್ತಾರೆ, ಅಂಗೈಗೆ ಬೆರಳು ಉಜ್ಜಿ ಬಿಸಿ ಕೊಡುತ್ತಾರೆ. ಎಂಟು ಹತ್ತು ದಿನಕ್ಕೆ ಅದು ತಾನಾಗೇ ಇಳಿಯುತ್ತದೆ, ಹೆಸರು ಲವಂಗಕ್ಕೆ. ಆದರೆ ತಿಂಗಳುಗಟ್ಟಲೆ ಇಳಿಯದ, ತೆಗೆಸಿದ ಜಾಗದಲ್ಲೇ ಮತ್ತೆ ಏಳುವ, ರೆಪ್ಪೆಗೂದಲು ಉದುರಿಸುವ ಗಂಟಿನ ಕಥೆ ಬೇರೆ. ವಯಸ್ಸಾದವರಲ್ಲಿ ಅದು ಸೆಬೇಶಿಯಸ್ ಕಾರ್ಸಿನೋಮಾ, ಅಂದರೆ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಇರಬಹುದು. ಅಪರೂಪದ ಕಾಯಿಲೆ ಇದು. ಆದರೂ ರೆಪ್ಪೆಯ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಯುರೋಪ್, ಅಮೆರಿಕಕ್ಕಿಂತ ನಮ್ಮ ದೇಶದಲ್ಲಿ ತುಂಬಾ ಜಾಸ್ತಿ.

ಕಣ್ಣೀರು ಬೇಗ ಆರದಂತೆ ಎಣ್ಣೆ ಬಿಡುವ ಗ್ರಂಥಿಗಳು ರೆಪ್ಪೆಯೊಳಗೆ ಸಾಲಾಗಿ ಇವೆ. 1666ರಲ್ಲಿ ಅವನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಚ್ ಮೈಬೋಮ್ ಹೆಸರಿನಿಂದಲೇ ಕರೆಯುತ್ತಾರೆ. ಮೇಲಿನ ರೆಪ್ಪೆಯಲ್ಲಿ ಅವು ಜಾಸ್ತಿ, ಕ್ಯಾನ್ಸರೂ ಅಲ್ಲೇ ಜಾಸ್ತಿ.

ಗುರುತು ಹಿಡಿಯುವುದೇ ತಕರಾರು. ಹುಬ್ಬಳ್ಳಿಯ ಲ್ಯಾಬಾಗಲಿ, ಲಂಡನ್ನಿನದ್ದಾಗಲಿ, ಪದ್ಧತಿ ಒಂದೇ. ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಆಲ್ಕೋಹಾಲ್, ಜೈಲೀನ್‌ನಲ್ಲಿ ಅದ್ದಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆಯುತ್ತಾರೆ. ಜೈಲೀನ್ ಕೊಬ್ಬನ್ನು ಕರಗಿಸಿಬಿಡುತ್ತದೆ. ಎಣ್ಣೆ ಗ್ರಂಥಿಯ ಕ್ಯಾನ್ಸರ್ ಹುಡುಕುವವರಿಗೆ ಎಣ್ಣೆಯೇ ಸಿಗುವುದಿಲ್ಲ! ಅದು ಇದ್ದ ತೂತುಗಳಷ್ಟೇ ಕಾಣುತ್ತವೆ, ದೋಸೆಯ ಕಣ್ಣುಗಳ ಹಾಗೆ. ಹಿಂದೆ ಮೇಣಕ್ಕೆ ಹೋಗುವ ಮುಂಚೆಯೇ ತುಣುಕನ್ನು ಹೆಪ್ಪುಗಟ್ಟಿಸಿ, ಆಯಿಲ್ ರೆಡ್ ಓ ಎಂಬ ಬಣ್ಣ ಹಾಕಿ ಕೊಬ್ಬು ತೋರಿಸಬೇಕಿತ್ತು. ಸುಮ್ನೆ ಕುಟಿಕೆ ಅಂತ ತೆಗೆದ ಗಂಟಿಗೆ ಅಷ್ಟು ಮುಂಜಾಗ್ರತೆ ಯಾರು ವಹಿಸುತ್ತಾರೆ? 2010ರ ಹೊತ್ತಿಗೆ ದಾರಿ ಸಿಕ್ಕಿತು. ಕೊಬ್ಬಿನ ಹನಿಯ ಮೈಗೆ ಅಂಟಿರುವ ಅಡಿಪೊಫಿಲಿನ್ ಎಂಬ ಪ್ರೋಟೀನ್, ಹನಿ ಕರಗಿದರೂ ಉಳಿದಿರುತ್ತದೆ. ಅದಕ್ಕೇ ಬಣ್ಣ ಹತ್ತಿಸಿದರೆ ತೂತಿನ ಅಂಚು ಎದ್ದು ಕಾಣುತ್ತದೆ.

ಇನ್ನೊಂದು ಎಳೆ ಕರುಳಿನಿಂದ ಬಂತು. 1967ರಲ್ಲಿ ಬ್ರಿಟನ್ನಿನ ವೈದ್ಯ ಮ್ಯೂರ್, 1968ರಲ್ಲಿ ನ್ಯೂಯಾರ್ಕಿನ ವೈದ್ಯ ಟೊರೆ, ಎಣ್ಣೆ ಗ್ರಂಥಿಯ ಗಂಟಿನಂಥ ಚರ್ಮದ ಗಂಟುಗಳೂ ಕರುಳಿನಂಥ ಒಳಗಿನ ಕ್ಯಾನ್ಸರೂ ಒಬ್ಬರಲ್ಲೇ ಬಂದದ್ದನ್ನು ಬರೆದರು. ಕಾರಣ ಸಿಗಲು ಕಾಲು ಶತಮಾನ ಬೇಕಾಯಿತು. 1993ರಲ್ಲಿ ಎಂಎಸ್‌ಎಚ್2, ಮರುವರ್ಷ ಎಂಎಲ್‌ಎಚ್1 ಜೀನ್‌ಗಳು ಪತ್ತೆಯಾದವು. ಗದಗಿನವರಿಗೆ ಇದನ್ನು ಹೇಳುವುದು ಸುಲಭ, ಅಚ್ಚುಕೂಟಗಳ ಊರು ಅಲ್ವಾ? ಡಿಎನ್‌ಎ ನಕಲಾಗುವಾಗ ಪ್ರೂಫ್ ನೋಡುವ ಕೆಲಸ ಈ ಜೀನ್‌ಗಳದ್ದು. ಪ್ರೂಫ್ ನೋಡುವವರು ಇಲ್ಲದಿದ್ದರೆ ತಪ್ಪುಗಳು ಹಾಗೇ ಅಚ್ಚಾಗುತ್ತವೆ.

ಈ ಗುಂಪಿನ ನಾಲ್ಕು ಪ್ರೋಟೀನ್‌ಗಳಿಗೆ ಈಗ ಬಣ್ಣ ಹಾಕುತ್ತಾರೆ. ಸರಿಯಿದ್ದರೆ ಜೀವಕೋಶದ ನಡುವಿನ ಬೀಜ ಕಂದಾಗುತ್ತದೆ. ಪಕ್ಕದ ಒಳ್ಳೆಯ ಕೋಶಗಳು ಕಂದಾಗಿ, ಗಂಟಿನ ಕೋಶಗಳಿಗೆ ಮಾತ್ರ ಬಣ್ಣ ಹತ್ತದಿದ್ದರೆ ಪ್ರೂಫ್ ನೋಡುವವರಲ್ಲಿ ಯಾರೋ ರಜೆ. ಅದು ವಂಶದಿಂದಲೇ ಬಂತೇ ಎಂಬುದಕ್ಕೆ ರಕ್ತದಲ್ಲಿ ಜೀನ್ ಪರೀಕ್ಷೆ ಬೇಕು. ಆದ್ದರಿಂದಲೇ ಬೆನ್ನಿನ ಎಣ್ಣೆ ಗ್ರಂಥಿಯ ಗಂಟು ತೋರಿಸಲು ಬಂದವರನ್ನು "ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ?" ಎಂದು ಡಾಕ್ಟರ್ ಕೇಳುವುದು. ಬಂದವರು ಕಕ್ಕಾಬಿಕ್ಕಿ.

ರೆಪ್ಪೆಯ ಗಂಟಿಗೆ ಈ ನಂಟು ಕಡಿಮೆ. 2018ರ ಒಂದು ಜೀನ್ ಅಧ್ಯಯನ ಈ ಕ್ಯಾನ್ಸರನ್ನು ಮೂರಾಗಿ ಬಿಡಿಸಿತು: ಪ್ರೂಫ್ ಕೆಟ್ಟದ್ದು, ಬಿಸಿಲಿನ ಗಾಯ ಹೊತ್ತದ್ದು, ಜೀನ್ ತಪ್ಪುಗಳೇ ಕಡಿಮೆ ಇರುವಂಥದ್ದು. ರೆಪ್ಪೆಯದ್ದು ಹೆಚ್ಚಾಗಿ ಮೂರನೆಯದು. ಹಾಗಾಗಿ ಕಣ್ಣಿನ ಗಂಟು ಕಂಡೊಡನೆ ಇಡೀ ಮನೆತನಕ್ಕೆ ಜೀನ್ ಪರೀಕ್ಷೆ ಬರೆಯುವುದು ಅತಿಯಾಯಿತು ಎಂದೇ ನನ್ನ ಅನಿಸಿಕೆ. ಮೊದಲು ಬೇಕಾದದ್ದು ಮರಳಿ ಎದ್ದ ಕುಟಿಕೆಯ ತುಣುಕನ್ನು ಬಿಸಾಡದೆ ಲ್ಯಾಬಿಗೆ ಕಳಿಸುವುದು. ಮೇಣದ ಗಟ್ಟಿ ಉಳಿದಿದ್ದರೆ ವರ್ಷಗಳ ಮೇಲೂ ಅದರಿಂದ ಹೊಸದಾಗಿ ಹೆರೆದು ನೋಡಬಹುದು.