ಫುಲ್ ಮೆಟಲ್ ಪ್ಯಾನಿಕ್: ಒಬ್ಬ ಹುಡುಗನ ಒಂದು ಸ್ವಭಾವ, ಮೂರು ಬಗೆಯ ಕಥೆ

ಆಕ್ಷನ್, ಕಾಮಿಡಿ, ಪ್ರೀತಿ ಮೂರನ್ನೂ ಬೆರೆಸಿದ ಅನಿಮೆಗಳು, ಅಂದರೆ ಜಪಾನಿನ ಆನಿಮೇಷನ್ ಸರಣಿಗಳು, ಬೇಕಾದಷ್ಟಿವೆ. ನಗಿಸೋಕೆ ಒಬ್ಬ, ಹೊಡೆದಾಡೋಕೆ ಇನ್ನೊಬ್ಬ ಅಂತ ಪಾತ್ರಗಳಿಗೆ ಕೆಲಸ ಹಂಚಿಬಿಟ್ಟರೆ ಬೆರಕೆ ಸುಲಭ. ಈ ಸರಣಿ ಹಾಗೆ ಮಾಡುವುದಿಲ್ಲ. ಇಲ್ಲಿ ಮೂರೂ ಹುಟ್ಟುವುದು ಸೋಸುಕೆ ಸಗಾರಾ ಎಂಬ ಹದಿಹರೆಯದ ಸೈನಿಕನ ಒಂದೇ ಸ್ವಭಾವದಿಂದ. ಎಲ್ಲಿ ಹೋದರೂ ಅವನು ಮೊದಲು ಹುಡುಕುವುದು ಅಪಾಯವನ್ನು. ಕಥೆ ಕಟ್ಟುವುದನ್ನು ಕಲಿಯುತ್ತಿರುವ ನಮಗೆ ಇದು ಬಿಡಿಸಿ ನೋಡಬೇಕಾದ ವಿಷಯ. 2005ರ ಭಾಗದ ಮುಖ್ಯ ತಿರುವುಗಳೂ ಕೆಳಗೆ ಬರುತ್ತವೆ. ಇನ್ನೂ ನೋಡದವರು ಕೆಳಗಿನ ‘ಪ್ರೀತಿ’ ಎಂಬ ವಿಭಾಗವನ್ನು ಅದನ್ನು ನೋಡಿದ ಮೇಲೆ ಓದಿ.

ಹಿನ್ನೆಲೆ

ಮೂಲ ಶೋಜಿ ಗಾಟೊ ಬರೆದ ಲೈಟ್ ನಾವೆಲ್‌ಗಳು, ಅಂದರೆ ಹೆಚ್ಚಾಗಿ ಹದಿಹರೆಯದವರಿಗೆಂದು ಬರೆಯುವ ಜಪಾನಿ ಕಾದಂಬರಿಗಳು. ಪುಸ್ತಕಗಳು 1998ರಿಂದ ಬಂದವು. ಅದರಲ್ಲಿ ಎರಡು ಸಾಲುಗಳಿವೆ: ಗಂಭೀರವಾದ ದೊಡ್ಡ ಕಾದಂಬರಿಗಳು ಒಂದು ಕಡೆ, ಶಾಲೆಯಲ್ಲಿ ನಡೆಯುವ ನಗೆಯ ಸಣ್ಣ ಕಥೆಗಳು ಇನ್ನೊಂದು ಕಡೆ. ಇದು ನೆನಪಿರಲಿ, ಅನಿಮೆಯ ಸ್ವರೂಪ ಅರ್ಥವಾಗುವುದೇ ಇದರಿಂದ. ಗೊಂಜೊ ಸ್ಟುಡಿಯೊ 2002ರಲ್ಲಿ ಮಾಡಿದ 24 ಕಂತುಗಳಲ್ಲಿ ಎರಡೂ ಸಾಲುಗಳು ಬೆರೆತಿವೆ. 2003ರ ‘ಫುಮೊಫು’ ಪೂರ್ತಿ ನಗೆ. 2005ರ ‘ದಿ ಸೆಕೆಂಡ್ ರೇಡ್’ ಬಹುಪಾಲು ಗಂಭೀರ. ಈ ಎರಡನ್ನೂ ಮಾಡಿದ್ದು ಕ್ಯೋಟೊ ಆನಿಮೇಷನ್, ನಿರ್ದೇಶಕ ಯಾಸುಹಿರೊ ತಾಕೆಮೊಟೊ. ಮೊದಲ ಸರಣಿ 2001ರಲ್ಲೇ ಬರಬೇಕಿತ್ತು. ಅದರಲ್ಲಿ ಶಾಲಾ ಪ್ರವಾಸದ ವಿಮಾನವನ್ನು ಅಪಹರಿಸುವ ಕಥೆ ಇತ್ತು. ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಪ್ರಸಾರವನ್ನು ಮುಂದಕ್ಕೆ ಹಾಕಿದರು.

ಕಥೆಯ ಲೋಕದಲ್ಲಿ ಶೀತಲ ಸಮರ ಮುಗಿದೇ ಇಲ್ಲ. ಸೋವಿಯತ್ ಒಕ್ಕೂಟ ಇನ್ನೂ ಇದೆ, ಚೀನಾ ಎರಡಾಗಿದೆ. ಮಿಥ್ರಿಲ್ ಎಂಬ, ಯಾವ ದೇಶಕ್ಕೂ ಸೇರದ ಗುಪ್ತ ಸೇನೆ ಯುದ್ಧಗಳನ್ನು ತಡೆಯಲು ಓಡಾಡುತ್ತದೆ. ಕೆಲವು ಮಕ್ಕಳ ತಲೆಯೊಳಗೆ ಹುಟ್ಟಿನಿಂದಲೇ ಕಾಲಕ್ಕೆ ಮೀರಿದ ತಂತ್ರಜ್ಞಾನ ಕೂತಿರುತ್ತದೆ. ಇವರನ್ನು ವಿಸ್ಪರ್ಡ್ ಅನ್ನುತ್ತಾರೆ. ಟೋಕಿಯೊದ ಜಿಂದಾಯ್ ಹೈಸ್ಕೂಲಿನ ಕಾನಮೆ ಚಿದೊರಿ ಅಂಥವಳು. ಅದು ಅವಳಿಗೇ ಗೊತ್ತಿಲ್ಲ. ಅವಳನ್ನು ಕಾಯಲು ಮಿಥ್ರಿಲ್ ಸೋಸುಕೆಯನ್ನು ಅದೇ ತರಗತಿಗೆ ವಿದ್ಯಾರ್ಥಿಯಾಗಿ ಸೇರಿಸುತ್ತದೆ. ಚಿಕ್ಕಂದಿನಿಂದ ಯುದ್ಧಭೂಮಿಯಲ್ಲೇ ಬೆಳೆದ ಹುಡುಗ ಅವನು. ಶಾಂತಿ ಇರುವ ಜಾಗದಲ್ಲಿ ಹೇಗಿರಬೇಕು ಅಂತ ಯಾರೂ ಅವನಿಗೆ ಕಲಿಸಿಲ್ಲ.

ನಗು ಎಲ್ಲಿಂದ ಬರುತ್ತದೆ

ಜಪಾನಿನ ಶಾಲೆಗಳಲ್ಲಿ ಬಾಗಿಲ ಬಳಿಯೇ ಪ್ರತಿಯೊಬ್ಬರಿಗೂ ಚಪ್ಪಲಿ, ಶೂ ಇಡುವ ಪುಟ್ಟ ಕಪಾಟು ಇರುತ್ತದೆ. ಪ್ರೇಮಪತ್ರ ಇಡುವುದೂ ಅಲ್ಲೇ. ಸೋಸುಕೆಯ ಕಪಾಟನ್ನು ಯಾರೋ ತೆರೆದಿದ್ದಾರೆ. ಅವನ ಲೆಕ್ಕದಲ್ಲಿ ಒಳಗಿರುವುದು ಬಾಂಬ್. ಆದ್ದರಿಂದ ಕಪಾಟನ್ನೇ ಸ್ಫೋಟಿಸುತ್ತಾನೆ. ಒಳಗಿದ್ದದ್ದು ಪತ್ರ!

ಇಲ್ಲಿ ಗಮನಿಸಿ: ಅವನು ಒಂದೇ ಒಂದು ಜೋಕ್ ಹೇಳುವುದಿಲ್ಲ. ಮುಖದ ಗಂಟು ಸಡಿಲವಾಗುವುದಿಲ್ಲ. ಅವನು ಬಂದ ಜಾಗದಲ್ಲಿ ಈ ಲೆಕ್ಕಾಚಾರ ಸರಿಯಾಗಿಯೇ ಇತ್ತು, ಅದರಿಂದಲೇ ಅವನು ಬದುಕಿ ಉಳಿದಿದ್ದು. ಜಾಗ ಮಾತ್ರ ಬದಲಾಗಿದೆ. ಕಾಗದದ ದೊಡ್ಡ ಬೀಸಣಿಗೆಯಿಂದ ಕಾನಮೆ ಅವನ ತಲೆಗೆ ಬಾರಿಸುತ್ತಾಳಲ್ಲ, ಆ ಏಟು ನಮ್ಮ ಪರವಾಗಿ ಬೀಳುತ್ತದೆ. ‘ಫುಮೊಫು’ದಲ್ಲಿ ಮೆತ್ತನೆಯ ರಗ್ಬಿ ತಂಡಕ್ಕೆ ಅವನು ಸೇನಾ ತರಬೇತಿ ಕೊಟ್ಟು ಅವರನ್ನು ಕ್ರೂರಿಗಳನ್ನಾಗಿ ಮಾಡುವ ಕಥೆಯೂ ಇದೇ ಸೂತ್ರದ್ದು. ಬೊಂಟಾಕುನ್ ಎಂಬ ಮುದ್ದು ಗೊಂಬೆಯ ವೇಷವನ್ನು ಯುದ್ಧಕವಚ ಮಾಡಿಕೊಳ್ಳುವುದು ನನಗೆ ಎಲ್ಲಕ್ಕಿಂತ ಇಷ್ಟ. ಅದರೊಳಗಿಂದ ಅವನು ಏನೇ ಹೇಳಿದರೂ ಹೊರಗೆ ಕೇಳಿಸುವುದು ‘ಫುಮೊ’ ಅಂತ ಮಾತ್ರ.

ಯಂತ್ರ

ಇಲ್ಲಿನ, ಒಳಗೆ ಚಾಲಕ ಕೂತು ನಡೆಸುವ ಮನುಷ್ಯಾಕಾರದ ಯುದ್ಧಯಂತ್ರಗಳ ಹೆಸರು ಆರ್ಮ್ ಸ್ಲೇವ್. ಎತ್ತರ ಸುಮಾರು 8 ಮೀಟರ್. 1979ರ ‘ಗಂಡಂ’ ಅನಿಮೆಯ ಮೊದಲ ರೋಬೋ 18 ಮೀಟರ್ ಇತ್ತು, ಹೋಲಿಸಿ ನೋಡಿ. ಈ ಅಳತೆಯಿಂದ ಕಥೆಗೆ ಲಾಭವಿದೆ. ಯಂತ್ರ ಕಟ್ಟಡದ ಹಿಂದೆ ಅಡಗಬಹುದು, ಕಾಡಿನಲ್ಲಿ ತೆವಳಬಹುದು. ಅಂದರೆ ಕಾದಾಟ ಕಾಲಾಳುಗಳ ಕಾದಾಟದಂತೆ ಇರುತ್ತದೆ: ಹೊಂಚು, ಮರೆ, ಸ್ನೈಪರ್, ರೇಡಿಯೊ ಮಾತು. ಒಳಗೆ ಕೂತವನ ಕೈಕಾಲಿನ ಸಣ್ಣ ಚಲನೆಯನ್ನು ಯಂತ್ರ ಹಿಗ್ಗಿಸಿ ಮಾಡುತ್ತದೆ. ಕಣ್ಣಿಗೆ ಬೀಳದಂತೆ ಮರೆಯಾಗುವ ಉಪಕರಣವಿದೆ, ಆದರೆ ಮಳೆಯಲ್ಲಿ ಅದನ್ನು ನಂಬುವಂತಿಲ್ಲ. ಇಂಥ ಮಿತಿಗಳಿಂದಲೇ ಕಾದಾಟದಲ್ಲಿ ಉಸಿರು ಬಿಗಿಹಿಡಿಯುವಂತಾಗುವುದು.

ಈಗ ನನಗೆ ಮುಖ್ಯ ಅನಿಸಿದ ಜಾಗಕ್ಕೆ ಬರುತ್ತೇನೆ. ಸೋಸುಕೆಯ ಯಂತ್ರ ಆರ್ಬಲೆಸ್ಟ್. ಅದರಲ್ಲಿ ಲ್ಯಾಂಬ್ಡಾ ಡ್ರೈವರ್ ಎಂಬ ಸಾಧನವಿದೆ. ಅದು ಚಾಲಕನ ಮನಸ್ಸಿನ ಬಲವನ್ನು ಭೌತಿಕ ಬಲವಾಗಿ ಮಾಡುತ್ತದೆ. ಕೈಯಲ್ಲಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಹುದಾದ ಬಂದೂಕನ್ನು ಮಾತ್ರ ನಂಬುವ ಹುಡುಗನಿಗೆ ಇದು ಹಿಂಸೆ. ಗುಂಡಿ ಒತ್ತಿದರೆ ಕೆಲಸ ಮಾಡಲ್ಲ, ಮನಸ್ಸಿಟ್ಟರೆ ಮಾತ್ರ ಮಾಡುತ್ತದೆ. ಗೌರೊನ್ ಎಂಬ ಶತ್ರುವಿನ ಎದುರು ಮೊದಲ ಸಲ ಅದು ಚಾಲೂ ಆಗುವುದು, ಹೇಗೆ ಮನಸ್ಸು ಕೂಡಿಸಬೇಕು ಅಂತ ಕಾನಮೆ ರೇಡಿಯೊದಲ್ಲಿ ಹೇಳಿಕೊಟ್ಟಾಗ. ಗಾಟೊ ಮಾಡಿದ ಜಾಣತನ ಇದು. ಪ್ರೀತಿಯ ಎಳೆಯನ್ನು ಯಂತ್ರದೊಳಗೇ ಪೋಣಿಸಿಬಿಟ್ಟರು. ಇನ್ನು ಮುಂದೆ ಸೋಸುಕೆಯ ಮನಸ್ಸು ಕಲಕಿದರೆ ಯುದ್ಧವೂ ಸೋಲುತ್ತದೆ. ಪ್ರೀತಿಯ ದೃಶ್ಯ ಬಂದಾಗ ಆಕ್ಷನ್ ನಿಂತುಹೋಯಿತು ಅಂತ ಅನಿಸುವುದೇ ಇಲ್ಲ.

ಪ್ರೀತಿ

ಸೋಸುಕೆಗೆ ಗೊತ್ತಿರುವುದು ಆದೇಶ. ಕಾನಮೆಯ ಹಿಂದೆ ಸುತ್ತುವುದೂ ಆದೇಶದಿಂದಲೇ. ಅವಳ ಬಗ್ಗೆ ಅವನಿಗೆ ಏನನಿಸುತ್ತದೆ ಅಂತ ಕೇಳಿದರೆ ಅವನಲ್ಲಿ ಉತ್ತರವಿಲ್ಲ. ‘ದಿ ಸೆಕೆಂಡ್ ರೇಡ್’ ಆ ಆದೇಶವನ್ನೇ ಕಿತ್ತುಕೊಳ್ಳುತ್ತದೆ. ಕಾವಲು ಸಾಕು, ಟೋಕಿಯೊ ಬಿಡು ಅಂತ ಮಿಥ್ರಿಲ್ ಹೇಳುತ್ತದೆ. ವಿಧೇಯ ಸೈನಿಕ ಹೊರಟುಬಿಡುತ್ತಾನೆ, ಆಮೇಲೆ ಒಳಗಿನಿಂದ ಕುಸಿಯುತ್ತಾನೆ. ಹಾಂಕಾಂಗಿನಲ್ಲಿ ಗೌರೊನ್ ಕಾನಮೆ ಸತ್ತಳು ಅಂತ ಸುಳ್ಳು ಹೇಳಿದಾಗ ಅವನಲ್ಲಿ ಏನೂ ಉಳಿಯುವುದಿಲ್ಲ. ಅವನನ್ನು ಎಬ್ಬಿಸುವುದು ಅಲ್ಲಿಗೇ ಹುಡುಕಿಕೊಂಡು ಬಂದ ಕಾನಮೆ. ಸಮಾಧಾನ ಮಾಡುವುದಿಲ್ಲ, ಕೋಪದಿಂದ ಬಾರಿಸುತ್ತಾಳೆ. ಶಾಲೆಯಲ್ಲಿ ನಗಿಸಿದ ಅದೇ ಜಗಳ ಇಲ್ಲಿ ಕಣ್ಣು ತುಂಬಿಸುತ್ತದೆ. ‘ಫುಮೊಫು’ ನೋಡದೆ ಸೀದಾ ಇಲ್ಲಿಗೆ ಬಂದವರಿಗೆ ಇದರ ತೂಕ ಅರ್ಧವೂ ಸಿಗಲ್ಲ. ಕೊನೆಗೆ ಅವನು ಮೇಲಧಿಕಾರಿಗಳ ಮುಂದೆ ನಿಂತು ತನಗೇನು ಬೇಕು ಅಂತ ತಾನೇ ಹೇಳುತ್ತಾನೆ.

ಮಿಥ್ರಿಲ್‌ನ ಜಲಾಂತರ್ಗಾಮಿಯ ಪುಟ್ಟ ಕ್ಯಾಪ್ಟನ್ ಟೆಸ್ಸಾಳಿಗೂ ಸೋಸುಕೆ ಮೇಲೆ ಮನಸ್ಸು. ನನ್ನ ಪ್ರಕಾರ ಆ ತ್ರಿಕೋನ ಸ್ವಲ್ಪ ದುರ್ಬಲ. ಹಡಗು ನಡೆಸುವಾಗ ಅವಳು ತೋರುವ ಘನತೆ ಅಂಥ ಕಂತುಗಳಲ್ಲಿ ಸುಮ್ನೆ ಕಳೆದುಹೋಗುತ್ತದೆ.

ನೋಡುವ ಕ್ರಮ

ಬಂದ ಕ್ರಮದಲ್ಲೇ ನೋಡಿ: 2002, 2003, 2005. ಜೆಬೆಕ್ ಸ್ಟುಡಿಯೊ ಮಾಡಿದ 12 ಕಂತುಗಳ ‘ಇನ್‌ವಿಸಿಬಲ್ ವಿಕ್ಟರಿ’ 2018ರದ್ದು, ಅದು ಆಮೇಲೆ. ಅಲ್ಲಿ ಶಾಲೆಯ ಜೀವನವೇ ಒಡೆದುಹೋಗುತ್ತದೆ, ನಗು ಬಹಳ ಕಡಿಮೆ. ಕಾದಂಬರಿಯ ಮುಖ್ಯ ಕಥೆ 2010ರಲ್ಲೇ ಮುಗಿದಿದೆ, ಆದರೆ ಅನಿಮೆ ಅಷ್ಟು ದೂರ ಹೋಗಿಲ್ಲ. ಕೊನೆ ಬೇಕೆಂದರೆ ಪುಸ್ತಕಗಳನ್ನೇ ಓದಬೇಕು.