ಉಷ್ಟ್ರಪಕ್ಷಿಯ ಹೊಟ್ಟೆಯೊಳಗಿನ ಒರಳು

ಫ್ರೆಡರಿಕ್ ವಿಲಿಯಂ ಬಾಂಡ್ ಎಂಬಾತ 1930ರ ಸುಮಾರಿಗೆ ಲಂಡನ್ ಮೃಗಾಲಯದಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಉಷ್ಟ್ರಪಕ್ಷಿಯ ಹೊಟ್ಟೆಯಿಂದ ಹೊರತೆಗೆದ ವಸ್ತುಗಳನ್ನು ಹರವಿ ಇಡಲಾಗಿದೆ. ಲೇಸಿನ ಕರವಸ್ತ್ರ, ಗುಂಡಿಯಿರುವ ಕೈಗವಸು, ಹಗ್ಗದ ತುಂಡು, ತಾಮ್ರದ ನಾಣ್ಯಗಳು, ಕೊಕ್ಕೆಗಳು, ಜೊತೆಗೆ ನಾಲ್ಕು ಅಂಗುಲದ ಒಂದು ಮೊಳೆ. ಅಂಥ ಮೊಳೆ ಜಠರದ ಗೋಡೆಯನ್ನು ಚುಚ್ಚಿ ಆಚೆ ಬಂದರೆ ಹಕ್ಕಿ ಉಳಿಯುವುದು ಕಷ್ಟ.

ಈ ಪಕ್ಷಿ ಕಬ್ಬಿಣವನ್ನೂ ಕರಗಿಸಿಕೊಳ್ಳುತ್ತದೆ ಎಂದು ಮಧ್ಯಯುಗದ ಯುರೋಪು ನಂಬಿತ್ತು. ಅಲ್ಲಿಯ ಮನೆತನಗಳ ಲಾಂಛನಗಳಲ್ಲಿ ಅದರ ಕೊಕ್ಕಿಗೆ ಕುದುರೆ ಲಾಳವನ್ನು ಕಚ್ಚಿಸಿ ಚಿತ್ರಿಸುತ್ತಿದ್ದರು. ಏನು ತಿಂದರೂ ಅರಗಿಸಿಕೊಳ್ಳುವ ಹಕ್ಕಿ ಎಂದು ಒಂದನೆಯ ಶತಮಾನದಲ್ಲೇ ಬರೆದ ರೋಮಿನ ಪ್ಲಿನಿ, ಪೊದೆಯೊಳಗೆ ತಲೆ ತೂರಿಸಿ ಇಡೀ ಮೈ ಅಡಗಿತೆಂದು ಭಾವಿಸುವ ದಡ್ಡ ಹಕ್ಕಿ ಎಂದೂ ಸೇರಿಸಿದ. ಮರಳಿನಲ್ಲಿ ತಲೆ ಹುಗಿಯುವ ಕಥೆಯನ್ನು ಇಂದಿಗೂ ಭಾಷಣಕಾರರು ಬಿಟ್ಟಿಲ್ಲ. ನೆಲಮಟ್ಟದಲ್ಲಿ ಮೇಯುವ, ಗೂಡಿನ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುವ ಹಕ್ಕಿಯನ್ನು ದೂರದಿಂದ ನೋಡಿದರೆ ಹಾಗೆ ಕಾಣಬಹುದು, ಅಷ್ಟೆ. ಹೆಸರಿನ ವಿಷಯದಲ್ಲಿ ಮಾತ್ರ ಹಳಬರು ಒಮ್ಮತದಿಂದಿದ್ದರು: ಸಂಸ್ಕೃತದ ಉಷ್ಟ್ರ, ಪರ್ಷಿಯನ್ನಿನ ಶುತುರ್, ಗ್ರೀಕಿನ ಕಮೇಲೊಸ್, ಎಲ್ಲವೂ ಒಂಟೆಯೇ.

ಕಬ್ಬಿಣದ ಕಥೆಯ ಹಿಂದೆ ಒಂದು ನಿಜವಿದೆ, ಅದು ಕಥೆಗಿಂತ ಸೊಗಸಾಗಿದೆ. ಉಷ್ಟ್ರಪಕ್ಷಿಗೆ ಹಲ್ಲಿಲ್ಲ, ಕೋಳಿಗಿರುವಂತೆ ಕಾಳು ಕೂಡಿಟ್ಟುಕೊಳ್ಳುವ ಗಂಟಲಚೀಲವೂ ಇಲ್ಲ. ಕಿತ್ತ ಸೊಪ್ಪು ಗಂಟಲಲ್ಲಿ ಉಂಡೆಯಾಗಿ, ಉದ್ದ ಕತ್ತಿನ ಪಕ್ಕದಲ್ಲಿ ಜಾರಿಕೊಂಡು ಇಳಿಯುವುದು ಹೊರಗಿನಿಂದಲೇ ಕಾಣುತ್ತದೆ. ಮೊದಲ ಜಠರದಲ್ಲಿ ಪಾಚಕರಸ ಬೆರೆತ ಆ ಉಂಡೆ, ದಪ್ಪ ಸ್ನಾಯುಗಳ ಎರಡನೆಯ ಜಠರಕ್ಕೆ ಬೀಳುತ್ತದೆ. ಅಲ್ಲಿ ಒಂದು ಕಿಲೋದಷ್ಟು ಕಲ್ಲುಗಳಿರಬಹುದು. ಸ್ನಾಯುಗಳು ಹಿಂಡಿದಂತೆಲ್ಲ ಕಲ್ಲುಗಳು ಒಂದಕ್ಕೊಂದು ಉಜ್ಜಿ ನಾರನ್ನು ಅರೆಯುತ್ತವೆ. ಒರಳು ಎನ್ನಿ, ಕಾಂಕ್ರೀಟು ಕಲಸುವ ಯಂತ್ರ ಎನ್ನಿ. ನನಗಂತೂ ಒರಳೇ ಹೆಚ್ಚು ಹೊಂದುತ್ತದೆ, ಏಕೆಂದರೆ ಒರಳು ನಯವಾದರೆ ನಮ್ಮ ಅಜ್ಜಿಯರು ಕಲ್ಲುಕುಟಿಗರನ್ನು ಕರೆದು ಉಳಿಯಿಂದ ಕಚ್ಚು ಹಾಕಿಸುತ್ತಿದ್ದರು. ಉಷ್ಟ್ರಪಕ್ಷಿಯ ಕಲ್ಲುಗಳೂ ಉಜ್ಜಿ ಉಜ್ಜಿ ಸವೆಯುತ್ತವೆ, ಆದರೆ ಅದಕ್ಕೆ ಉಳಿ ಹಿಡಿಯುವವರಿಲ್ಲವಾದ್ದರಿಂದ ಹೊಸ ಕಲ್ಲನ್ನು ತಾನೇ ಆರಿಸಿ ನುಂಗಬೇಕು. ಕೊಕ್ಕು ನೆಲವನ್ನು ಸದಾ ಪರೀಕ್ಷಿಸುವುದಕ್ಕೆ ಇದೂ ಒಂದು ಕಾರಣ. ಹೊಳೆಯುವ ನಾಣ್ಯ ಒಳಹೋಗುವುದೂ ಅದೇ ದಾರಿಯಲ್ಲಿ.

ಮೃಗಾಲಯಗಳವರು ಎನ್‌ರಿಚ್‌ಮೆಂಟ್ ಎನ್ನುವ, ಅಂದರೆ ಸೆರೆಯ ಪ್ರಾಣಿಗೆ ಸಹಜ ಚಟುವಟಿಕೆ ಒದಗಿಸುವ ಕೆಲಸವನ್ನು ಇಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ವಾದ. ಸೆರೆಯಲ್ಲಿರುವ ಪ್ರಾಣಿಗೆ ಆಹಾರದಷ್ಟೇ ಕೆಲಸವೂ ಬೇಕೆಂದು ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಕಳೆದ ಶತಮಾನದಲ್ಲೇ ಹೇಳಿದ್ದರು. ಆಫ್ರಿಕದ ಬಯಲಿನಲ್ಲಿ ಹಗಲಿನ ಬಹುಭಾಗವನ್ನು ನಡೆಯುತ್ತ, ಕುಕ್ಕುತ್ತ ಕಳೆಯುವ ಹಕ್ಕಿಗೆ ತೊಟ್ಟಿಯಲ್ಲಿ ಹಿಂಡಿ ಉಂಡೆ ಸುರಿದರೆ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಕೊಕ್ಕು ಬೇಲಿಯ ತಂತಿಗೆ, ಜೊತೆಗಾರರ ಗರಿಗಳಿಗೆ ತಿರುಗುತ್ತದೆ. ಅದರ ಬದಲು ಚಿಕ್ಕದಾಗಿ ಕೊಚ್ಚಿದ ಕುದುರೆಮಸಾಲೆ ಎಂಬ ಮೇವಿನ ಸೊಪ್ಪನ್ನು ಆವರಣದ ತುಂಬ ಚೆಲ್ಲಬಹುದು, ಎಲೆಕೋಸನ್ನು ತಲೆಯೆತ್ತರದಲ್ಲಿ ತೂಗುಹಾಕಬಹುದು. ಉದ್ದನೆಯ ಒರಟು ಹುಲ್ಲು ಜಠರದಲ್ಲಿ ಸುತ್ತಿಕೊಂಡು ಗಂಟಾಗುವುದರಿಂದ ಕೊಚ್ಚುವುದು ಮುಖ್ಯ. ಎಲೆಕೋಸು ಕಟ್ಟಿದ ಹಗ್ಗ ಸಡಿಲವಾಗಿದ್ದರೆ ಅದೂ ಹೊಟ್ಟೆ ಸೇರುತ್ತದೆ, ಲಂಡನ್ನಿನ ಚಿತ್ರ ಸಾಕ್ಷಿ. ಕಲ್ಲುಗಳೂ ಬೇಕು, ಆದರೆ ಮಿತವಾಗಿ: ಹೊಸ ಆವರಣಕ್ಕೆ ಬಂದು ಗಾಬರಿಗೊಂಡ ಹಕ್ಕಿ, ಅದರಲ್ಲೂ ಮರಿ, ಮರಳು, ಕಲ್ಲು ಎಂದು ನೋಡದೆ ನುಂಗಿ ಜಠರವನ್ನೇ ಕಟ್ಟಿಸಿಕೊಳ್ಳುತ್ತದೆ. ಧೂಳುಸ್ನಾನಕ್ಕೆ ಒಣಮರಳಿನ ಗುಂಡಿ, ಓಡಲು ಉದ್ದನೆಯ ಜಾಗ, ಎರಡೇ ಬೆರಳಿನ ಪಾದ ಜಾರದಂಥ ನೆಲ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣದ ಆಟಿಕೆಗಳನ್ನು ತರುವುದಕ್ಕಿಂತ ಮೊದಲು, ಬೇಲಿ ದುರಸ್ತಿಯಾದ ದಿನವೇ ಪಾಲಕರು ಅಯಸ್ಕಾಂತ ಹಿಡಿದು ನೆಲವನ್ನು ಜಾಲಾಡಬೇಕು. ತಾಮ್ರದ ನಾಣ್ಯ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಬಗ್ಗಿ ನೋಡಿಯೇ ಹೆಕ್ಕಬೇಕು. ಅವರು ಬಿಟ್ಟುಹೋದದ್ದನ್ನು 5 ಸೆಂಟಿಮೀಟರ್ ಅಗಲದ ಕಣ್ಣುಗಳುಳ್ಳ ಹಕ್ಕಿ ಸಂಜೆಯೊಳಗೆ ಹುಡುಕಿಕೊಂಡಿರುತ್ತದೆ.